ಮುಖ ನೋಡಿ ಮಣೆ ಹಾಕುವ ಯಂತ್ರ

ಬೀದಿಬದಿಯ ಕ್ಯಾಮೆರಾಗಳ ಬಗ್ಗೆ ಮಾತು ತೆಗೆದರೆ ಸಾಕು, ಒಂದು ಪ್ರಶ್ನೆ ತಪ್ಪದೇ ಎದುರಾಗುತ್ತದೆ: ‘ತಪ್ಪು ಮಾಡದವರಿಗೆ ಹೆದರಿಕೆ ಯಾಕೆ?’ ಕ್ಯಾಂಟೀನಿನಲ್ಲಿ, ವಿಚಾರ ಸಂಕಿರಣದ ಚಹಾ ವಿರಾಮದಲ್ಲಿ, ಹಬ್ಬಕ್ಕೆ ಊರಿಗೆ ಹೋದಾಗ ಮನೆಯಲ್ಲಿ, ಎಲ್ಲ ಕಡೆ ಇದನ್ನು ಕೇಳಿಸಿಕೊಂಡಿದ್ದೇನೆ. ಕೇಳುವವರು ಕೆಟ್ಟವರೇನಲ್ಲ. ಆದರೆ ಅವರಲ್ಲಿ ಹೆಚ್ಚಿನವರಿಗೆ ಒಂದು ಅನುಕೂಲವಿದೆ. ಅವರನ್ನು ಯಾರೂ ನಡುಬೀದಿಯಲ್ಲಿ ನಿಲ್ಲಿಸಿ ‘ಯಾವೂರು, ಯಾರ ಮಗ, ಇಲ್ಲೇನು ಕೆಲಸ’ ಎಂದು ಗದರಿಸಿರುವುದಿಲ್ಲ. ಕೇಳಿದ್ದರೂ ಅವರ ಬಳಿ ಇರುವ ಉತ್ತರ ಕೇಳಿದವರಿಗೆ ಒಪ್ಪಿಗೆಯಾಗುವಂಥದ್ದು. ತಪ್ಪು ಮಾಡಿದ್ದೇವೋ ಇಲ್ಲವೋ ಎನ್ನುವುದಕ್ಕಿಂತ, ಯಾರು ಯಾರನ್ನು ನಿಲ್ಲಿಸಿ ಕೇಳಬಹುದು ಎನ್ನುವುದೇ ಹೆದರಿಕೆಯ ಮೂಲ.

ಎರಡನೇ ಪ್ರಶ್ನೆ ಇದಕ್ಕಿಂತ ತುಸು ಬುದ್ಧಿವಂತಿಕೆಯದು: ‘ಬೀದಿಗೆ ಬಂದ ಮೇಲೆ ಹತ್ತು ಜನ ನೋಡಿಯೇ ನೋಡುತ್ತಾರೆ, ಅವರ ಜೊತೆ ಒಂದು ಕ್ಯಾಮೆರಾವೂ ನೋಡಿದರೆ ಏನಾಯಿತು?’ ನೋಡುವುದು ಬೇರೆ, ಗುರುತು ಹಿಡಿಯುವುದು ಬೇರೆ, ನೆನಪಿಟ್ಟುಕೊಳ್ಳುವುದು ಬೇರೆ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಾನು ಅರ್ಧ ಗಂಟೆ ನಿಂತರೆ ಸಾವಿರಾರು ಕಣ್ಣುಗಳು ನನ್ನ ಮೇಲೆ ಹಾದುಹೋಗುತ್ತವೆ. ಅವರಲ್ಲಿ ಯಾರಿಗೂ ನಾನು ಯಾರೆಂದು ಗೊತ್ತಿಲ್ಲ, ತಮ್ಮ ಬಸ್ ಬಂದ ಕೂಡಲೇ ಮರೆತೂ ಬಿಡುತ್ತಾರೆ. ಅವರು ನನ್ನನ್ನು ನೋಡುವಾಗ ನಾನೂ ಅವರನ್ನು ನೋಡುತ್ತಿರುತ್ತೇನೆ. ಯಾರಾದರೂ ದುರುಗುಟ್ಟಿಕೊಂಡು ನೋಡಿದರೆ ‘ಏನು?’ ಎಂದು ಕೇಳಬಹುದು. ಹಳೆಯ ಸಿಸಿಟಿವಿ ನನ್ನನ್ನು ಕೆಲವು ದಿನ ನೆನಪಿಟ್ಟುಕೊಳ್ಳುತ್ತಿತ್ತು, ಆದರೆ ಅದಕ್ಕೆ ನನ್ನ ಹೆಸರು ಗೊತ್ತಿರಲಿಲ್ಲ. ಮುಖ ಗುರುತಿಸುವ ತಂತ್ರಾಂಶ ಈ ಮೂರೂ ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ತಿರುಗಿ ನೋಡಿದರೆ ನನಗೆ ಕಾಣುವುದು ಕಂಬದ ಮೇಲಿನ ಒಂದು ಗಾಜಿನ ಗುಂಡು ಅಷ್ಟೇ.

‘ಮುಖ ನೋಡಿ ಮಣೆ ಹಾಕು’ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಊರಿನಲ್ಲಿ ಮುಖವೇ ವಿಳಾಸ. ಯಾರು ಯಾವ ಕೇರಿಯವರು, ಯಾರಿಗೆ ಜಗಲಿ, ಯಾರಿಗೆ ಅಂಗಳ, ಯಾರಿಗೆ ಯಾವ ಲೋಟ, ಎಲ್ಲವೂ ಮುಖ ಕಂಡ ಕ್ಷಣದಲ್ಲೇ ತೀರ್ಮಾನವಾಗಿಬಿಡುತ್ತದೆ. ಗೊತ್ತಿಲ್ಲದ ಮುಖವಾದರೆ ‘ನೀವು ಯಾವ ಕಡೆಯವರು?’, ‘ನೀವು ಯಾರ ಪೈಕಿ?’ ಎಂದು ಸುತ್ತಿ ಬಳಸಿ ಕೇಳಿ, ಜಾತಿ ತಿಳಿಯುವ ತನಕ ಮಾತು ಮುಂದಕ್ಕೆ ಹೋಗುವುದಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯನ್ನು ಅಜ್ಞಾನದ, ಸಂಕುಚಿತತೆಯ ಗೂಡು ಎಂಬರ್ಥದಲ್ಲಿ ಕರೆದಾಗ ಹಲವು ಸದಸ್ಯರಿಗೆ ಸಿಟ್ಟು ಬಂದಿತ್ತು. ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು ಎನ್ನುವುದು ಕೆಲವರ ಪಾಲಿಗೆ ಬೆಚ್ಚನೆಯ ನೆನಪು. ಇನ್ನು ಕೆಲವರ ಪಾಲಿಗೆ ಅದು ಊರು ಬಿಡಲು ಇದ್ದ ಕಾರಣ.

ಹಾಗೆ ಊರು ಬಿಟ್ಟು ಬಂದವರಿಗೆ ನಗರ ಕೊಟ್ಟ ದೊಡ್ಡ ಉಡುಗೊರೆ ಎಂದರೆ ಯಾರೂ ಅಲ್ಲದವರಾಗಿ ಓಡಾಡುವ ಅವಕಾಶ. ನಗರದಲ್ಲಿ ಜಾತಿ ಸತ್ತಿದೆ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರ ಮುಂದೆ ಹಾಗೆ ಹೇಳುವ ಧೈರ್ಯವೂ ನನಗಿಲ್ಲ. ಆದರೆ ದರ್ಶಿನಿಯಲ್ಲಿ ಟೋಕನ್ ಕೊಟ್ಟರೆ ಇಡ್ಲಿ ಬರುತ್ತದೆ, ಮುಖ ನೋಡಿ ತಟ್ಟೆ ಬದಲಾಗುವುದಿಲ್ಲ. ಊರಿನಲ್ಲಿ ತಲೆ ತಗ್ಗಿಸಿಕೊಂಡು ನಡೆಯಬೇಕಿದ್ದ ಹುಡುಗಿ ಕಬ್ಬನ್ ಪಾರ್ಕಿನಲ್ಲಿ ಗೆಳೆಯನ ಜೊತೆ ಕೂತು ಕಡಲೆಕಾಯಿ ತಿನ್ನಬಲ್ಲಳು. ಈ ಸಣ್ಣ ಬಿಡುಗಡೆಗಳನ್ನು ಕಾನೂನಿನ ಭಾಷೆಯಲ್ಲಿ ಖಾಸಗಿತನ ಎನ್ನುತ್ತಾರೆ. ಖಾಸಗಿತನವೆಂದರೆ ನಾಲ್ಕು ಗೋಡೆಗಳ ನಡುವಿನ ಸಂಗತಿ, ಅದಕ್ಕೂ ಬೀದಿಗೂ ಏನು ಸಂಬಂಧ ಎಂದು ಕೇಳುವವರು ಸ್ವಂತ ಕೋಣೆ ಇರುವ ಮನೆಯಲ್ಲಿ ಬೆಳೆದವರಿರಬೇಕು. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಯ ಮಕ್ಕಳಿಗೆ ಖಾಸಗಿತನ ಎನ್ನುವುದು ಸಿಗುವುದೇ ಬೀದಿಯಲ್ಲಿ, ಪಾರ್ಕಿನಲ್ಲಿ, ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ.

ಈ ನಗರವನ್ನು ಈಗ ಮತ್ತೆ ಊರು ಮಾಡಲಾಗುತ್ತಿದೆ. ಬೆಂಗಳೂರಿನ ಸೇಫ್ ಸಿಟಿ ಯೋಜನೆಯಲ್ಲಿ ಸುಮಾರು 3,000 ಜಾಗಗಳಲ್ಲಿ 7,000ಕ್ಕೂ ಹೆಚ್ಚು ಕ್ಯಾಮೆರಾಗಳು. ಅವುಗಳಲ್ಲಿ ಒಂದಷ್ಟಕ್ಕೆ ಮುಖ ಗುರುತಿಸುವ ಶಕ್ತಿ ಇದೆ ಎಂದು ಪೊಲೀಸರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಇದರ ಜೊತೆಗೆ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತೆ ಜಾರಿ ಕಾಯ್ದೆಯಿದೆ. ಅದರ ಪ್ರಕಾರ ಜನ ಸೇರುವ ಅಂಗಡಿ, ಆಸ್ಪತ್ರೆ, ಕಾಲೇಜು, ದೇವಸ್ಥಾನಗಳು ತಮ್ಮ ಖರ್ಚಿನಲ್ಲೇ ಕ್ಯಾಮೆರಾ ಹಾಕಿಸಬೇಕು, ದೃಶ್ಯಗಳನ್ನು 30 ದಿನ ಕಾದಿಡಬೇಕು, ಪೊಲೀಸರು ಕೇಳಿದಾಗ ಒಪ್ಪಿಸಬೇಕು. ವಿಮಾನ ನಿಲ್ದಾಣದಲ್ಲಿ 2022ರ ಡಿಸೆಂಬರಿನಿಂದ ಡಿಜಿಯಾತ್ರಾ ಇದೆ. ಅಲ್ಲಿ ಮುಖ ಕೊಟ್ಟವರಿಗೆ ಸಾಲು ಚಿಕ್ಕದು, ಕೊಡದವರಿಗೆ ಉದ್ದದ್ದು. 2025ರ ಜುಲೈನಿಂದ ದೇಶದಾದ್ಯಂತ ಅಂಗನವಾಡಿಯಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಬೇಕಾದ ಬಸುರಿ, ಬಾಣಂತಿಯರಿಗೂ ಮುಖ ಗುರುತಿಸುವಿಕೆ ಕಡ್ಡಾಯವಾಯಿತು. ವಿಮಾನ ಹತ್ತುವವರಿಗೆ ಇದು ಐಚ್ಛಿಕ, ಹಿಟ್ಟಿನ ಪೊಟ್ಟಣ ಪಡೆಯುವವರಿಗೆ ಕಡ್ಡಾಯ. ಯಾರ ಮುಖಕ್ಕೆ ಯಾವ ಮಣೆ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ಯಂತ್ರ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ‘ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ’ ಎಂಬ ನಂಬಿಕೆಯ ಮೇಲೆಯೇ ಇದೆಲ್ಲ ನಿಂತಿದೆ. ತಂತ್ರಾಂಶಕ್ಕೆ ಮುಖ ಎಂದರೆ ಸಂಖ್ಯೆಗಳ ಒಂದು ಸಾಲು. ಎರಡು ಮುಖಗಳನ್ನು ಹೋಲಿಸುವುದೆಂದರೆ ಎರಡು ಸಾಲುಗಳ ನಡುವಿನ ಅಂತರವನ್ನು ಅಳೆಯುವುದು. ಅಂತರ ಎಷ್ಟಿದ್ದರೆ ‘ಇವರೇ ಅವರು’ ಎನ್ನಬೇಕು ಎಂಬ ಗೆರೆಯನ್ನು ಎಳೆಯುವವರು ಮನುಷ್ಯರು. ನಿಮ್ಮ ಫೋನು ನಿಮ್ಮ ಮುಖ ನೋಡಿ ಬೀಗ ತೆರೆಯುವಾಗ ಅದು ಒಂದು ಮುಖವನ್ನು ಇನ್ನೊಂದರ ಜೊತೆ ಮಾತ್ರ ಹೋಲಿಸುತ್ತದೆ. ಬೀದಿಯ ಕ್ಯಾಮೆರಾ ಹಾದುಹೋಗುವ ಪ್ರತಿ ಮುಖವನ್ನೂ ಪಟ್ಟಿಯಲ್ಲಿರುವ ಸಾವಿರಾರು ಮುಖಗಳ ಜೊತೆ ಹೋಲಿಸುತ್ತದೆ. ಹೋಲಿಕೆಗಳು ಹೆಚ್ಚಿದಷ್ಟೂ ಎಡವಟ್ಟುಗಳು ಹೆಚ್ಚು.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಬಸ್ ನಿಲ್ದಾಣಕ್ಕೆ ದಿನಕ್ಕೆ 1 ಲಕ್ಷ ಜನ ಬರುತ್ತಾರೆ, ಯಂತ್ರ 1,000 ಜನರಲ್ಲಿ ಒಬ್ಬರನ್ನು ಮಾತ್ರ ತಪ್ಪಾಗಿ ಗುರುತಿಸುತ್ತದೆ ಎಂದಿಟ್ಟುಕೊಳ್ಳಿ. ಮಾರಾಟಗಾರ ಇದನ್ನು ‘99.9 ಶೇಕಡಾ ನಿಖರ’ ಎಂದು ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿಸುತ್ತಾನೆ. ನಿಲ್ದಾಣದಲ್ಲಿ ಮಾತ್ರ ದಿನವೂ 100 ಜನ ನಿರಪರಾಧಿಗಳ ಮೇಲೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಅವತ್ತು ಅಲ್ಲಿಗೆ ನಿಜವಾಗಿಯೂ ಬೇಕಾದ ಆರೋಪಿಗಳು ಇಬ್ಬರು ಬಂದಿದ್ದರು, ಇಬ್ಬರನ್ನೂ ಯಂತ್ರ ಹಿಡಿಯಿತು ಎಂದುಕೊಂಡರೂ, ದೀಪ ಹೊತ್ತಿದ 102 ಜನರಲ್ಲಿ 100 ಜನ ಏನೂ ಮಾಡದವರು. ‘ತಪ್ಪು ಮಾಡದವರಿಗೆ ಹೆದರಿಕೆ ಯಾಕೆ’ ಎನ್ನುವವರು ಈ 100 ಜನರ ಸಾಲಿನಲ್ಲಿ ಒಂದು ದಿನ ನಿಂತು ನೋಡಬೇಕು.

ಇದು ಬರೀ ಕಾಗದದ ಲೆಕ್ಕವಲ್ಲ. ದೆಹಲಿ ಪೊಲೀಸರಿಗೆ ಈ ತಂತ್ರಾಂಶ ಬಂದದ್ದು ಕಳೆದುಹೋದ ಮಕ್ಕಳನ್ನು ಹುಡುಕಲು. ಆ ಉದ್ದೇಶಕ್ಕೆ ಯಾರು ತಾನೇ ಬೇಡ ಎಂದಾರು? 2018ರಲ್ಲಿ ಅದರ ನಿಖರತೆ ಶೇಕಡಾ 2 ಎಂದು ದೆಹಲಿ ಹೈಕೋರ್ಟಿನ ಮುಂದೆ ಒಪ್ಪಿಕೊಳ್ಳಬೇಕಾಯಿತು. ಮರುವರ್ಷ ಅದು ಶೇಕಡಾ 1ಕ್ಕಿಂತ ಕೆಳಗಿಳಿಯಿತು. ಹುಡುಗ ಯಾರು, ಹುಡುಗಿ ಯಾರು ಎನ್ನುವುದೂ ಅದಕ್ಕೆ ತಿಳಿಯುತ್ತಿಲ್ಲ ಎಂದು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವೇ ಹೇಳಿತು. ಇಷ್ಟಾದ ಮೇಲೆ ಏನಾಗಬೇಕಿತ್ತು? ಮೂಲೆಗೆ ಎಸೆಯಬೇಕಿತ್ತು. ಬದಲಿಗೆ 2020ರ ಮಾರ್ಚಿನಲ್ಲಿ, ಈಶಾನ್ಯ ದೆಹಲಿಯ ಗಲಭೆಗಳ ನಂತರ, ಮುಖ ಗುರುತಿಸುವ ತಂತ್ರಾಂಶಕ್ಕೆ ಮತದಾರರ ಗುರುತಿನ ಚೀಟಿ ಮತ್ತು ಚಾಲನಾ ಪರವಾನಗಿಯ ಫೋಟೋಗಳನ್ನು ಉಣಿಸಿ 1,100ಕ್ಕೂ ಹೆಚ್ಚು ಜನರನ್ನು ಗುರುತಿಸಿದ್ದೇವೆ ಎಂದು ಗೃಹ ಸಚಿವ ಅಮಿತ್ ಶಾ ಲೋಕಸಭೆಯಲ್ಲಿ ಹೇಳಿದರು. ಮತ ಹಾಕಲೆಂದು ಕೊಟ್ಟ ಫೋಟೋ ಅದು, ಸ್ಕೂಟರ್ ಓಡಿಸಲೆಂದು ಕೊಟ್ಟ ಫೋಟೋ. ಹೋಲಿಕೆ ಶೇಕಡಾ 80 ದಾಟಿದರೆ ತಾಳೆಯಾಯಿತೆಂದು ಪರಿಗಣಿಸುತ್ತೇವೆ ಎಂದು ಅದೇ ಪೊಲೀಸರು 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿದ್ದಾರೆ. 80 ಯಾಕೆ, 95 ಯಾಕಲ್ಲ? ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸಿಗೆ ಗೆರೆ ಎಳೆದಂತೆ ಯಾರೋ ಎಳೆದಿದ್ದಾರೆ.

ಅಮೆರಿಕದ ಡೆಟ್ರಾಯಿಟ್‌ನಲ್ಲಿ 2020ರ ಜನವರಿಯಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬ ಕಪ್ಪು ಮನುಷ್ಯನನ್ನು ಹೆಂಡತಿ, ಮಕ್ಕಳ ಎದುರೇ ಕೈಕೋಳ ಹಾಕಿ ಕರೆದೊಯ್ದು ಸುಮಾರು 30 ಗಂಟೆ ಕೂಡಿಹಾಕಿದರು. ವಾಚುಗಳ ಅಂಗಡಿಯಲ್ಲಿ ಕಳವು ಮಾಡಿದ ಯಾರದೋ ಮಸುಕು ಚಿತ್ರಕ್ಕೆ ಅವರ ಹಳೆಯ ಚಾಲನಾ ಪರವಾನಗಿಯ ಫೋಟೋ ತಾಳೆಯಾಗಿತ್ತು, ಅಷ್ಟೇ. ಅದಕ್ಕೂ ಎರಡು ವರ್ಷ ಮೊದಲೇ ಜಾಯ್ ಬೂಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು ದೊಡ್ಡ ಕಂಪನಿಗಳ ತಂತ್ರಾಂಶಗಳನ್ನು ಪರೀಕ್ಷಿಸಿ ತೋರಿಸಿದ್ದರು: ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವಷ್ಟು ಸರಳ ಕೆಲಸದಲ್ಲೂ ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಶೇಕಡಾ 1ನ್ನೂ ಮುಟ್ಟುವುದಿಲ್ಲ, ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ಅದು 34.7ರ ತನಕ ಹೋಗುತ್ತದೆ. ನಮ್ಮ ಬಳ್ಳಾರಿ, ರಾಯಚೂರಿನ ಬಿಸಿಲಿನಲ್ಲಿ ದುಡಿಯುವ ಮುಖಗಳ ಮೇಲೆ ಇವನ್ನು ಯಾರು ಪರೀಕ್ಷಿಸಿದ್ದಾರೆ, ಫಲಿತಾಂಶವನ್ನು ಎಲ್ಲಿ ಪ್ರಕಟಿಸಿದ್ದಾರೆ?

ಇಷ್ಟು ಹೇಳಿದ ಮೇಲೆ ಒಂದು ಅಪಾಯವಿದೆ. ‘ಹಾಗಾದರೆ ತಂತ್ರಾಂಶ ಸರಿಯಾಗಲಿ, ಆಮೇಲೆ ಬಳಸೋಣ’ ಎಂದು ಯಾರಾದರೂ ಹೇಳಬಹುದು. ನನ್ನ ತಕರಾರು ಅದಲ್ಲ. ಎಂದೂ ತಪ್ಪದ ಯಂತ್ರ ಬಂದರೆ ನನಗೆ ಹೆದರಿಕೆ ಇನ್ನೂ ಹೆಚ್ಚು.

ಯಾಕೆ ಎನ್ನುವುದಕ್ಕೆ ಹುಬ್ಬಳ್ಳಿಗೆ ಹೋಗಬೇಕು. ಅಲ್ಲಿ ಸೆಟ್ಲ್‌ಮೆಂಟ್ ಎಂದು ಇವತ್ತಿಗೂ ಕರೆಯುವ ಬಡಾವಣೆಯೊಂದಿದೆ. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಬಾಲ ಅದು. ಕೆಲವು ಸಮುದಾಯಗಳಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಕಳ್ಳರು ಎಂದು ಆ ಕಾಯ್ದೆ ಘೋಷಿಸಿತು. ಅವರ ಹೆಸರು ದಾಖಲಾಗಬೇಕು, ಹೊತ್ತು ಹೊತ್ತಿಗೆ ಹಾಜರಿ ಹಾಕಬೇಕು, ಹೊರಗೆ ಹೋಗಲು ಪಾಸು ಬೇಕು. ಕಾಯ್ದೆ 1952ರಲ್ಲಿ ರದ್ದಾಯಿತು, ಠಾಣೆಯ ಕಡತಗಳಲ್ಲಿ ಅದರ ಅಭ್ಯಾಸ ರದ್ದಾಗಲಿಲ್ಲ. ಇವತ್ತಿಗೂ ಊರಿನಲ್ಲಿ ಕಳವಾದರೆ ಮೊದಲು ಯಾರ ಗುಡಿಸಲಿಗೆ ಪೊಲೀಸರು ಹೋಗುತ್ತಾರೆ ಎಂದು ಅಲೆಮಾರಿ ಸಮುದಾಯದ ಯಾರನ್ನಾದರೂ ಕೇಳಿ. ಯಂತ್ರಕ್ಕೆ ಕೊಡುವ ‘ಬೇಕಾದವರ ಪಟ್ಟಿ’ ಆಕಾಶದಿಂದ ಇಳಿಯುವುದಿಲ್ಲ, ಈ ಕಡತಗಳಿಂದಲೇ ಬರುತ್ತದೆ. ಜೈಲುಗಳಲ್ಲಿ ದಲಿತರು, ಆದಿವಾಸಿಗಳು, ಮುಸ್ಲಿಮರ ಪ್ರಮಾಣ ಅವರ ಜನಸಂಖ್ಯೆಯ ಪ್ರಮಾಣಕ್ಕಿಂತ ಹೆಚ್ಚು ಎಂದು ಸರ್ಕಾರದ ಅಂಕಿಅಂಶಗಳೇ ವರ್ಷ ವರ್ಷ ಹೇಳುತ್ತವೆ. ಅದರ ಮೇಲೆ 2022ರ ಅಪರಾಧ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆ, ಬಂಧಿತರಿಂದ ತೆಗೆದುಕೊಂಡ ಗುರುತುಗಳನ್ನು 75 ವರ್ಷ ಇಟ್ಟುಕೊಳ್ಳಬಹುದು ಎನ್ನುತ್ತದೆ. 20ರ ಹುಡುಗನ ಮುಖ ಅವನಿಗೆ 95 ಆಗುವವರೆಗೆ ಪಟ್ಟಿಯಲ್ಲಿರಬಹುದು. ಇಂಥ ಪಟ್ಟಿಯ ಮೇಲೆ ಯಂತ್ರ ಕರಾರುವಾಕ್ಕಾಗಿ ಕೆಲಸ ಮಾಡಿದರೆ ಆಗುವುದೇನು? ಹಳೆಯ ಅನ್ಯಾಯ ಕರಾರುವಾಕ್ಕಾಗಿ ನಡೆಯುತ್ತದೆ. ಒಂದು ಕಾಲಕ್ಕೆ ಕೆಲವರು ಮಾತ್ರ ಠಾಣೆಗೆ ಹೋಗಿ ಹಾಜರಿ ಹಾಕಬೇಕಿತ್ತು. ಇನ್ನು ಮುಂದೆ ಎಲ್ಲರೂ ಹಾಲು ತರಲು ಹೋದಾಗಲೂ ಗೊತ್ತಿಲ್ಲದೆಯೇ ಹಾಜರಿ ಹಾಕಿ ಬರುತ್ತೇವೆ.

ಇದೆಲ್ಲ ಹೆಣ್ಣುಮಕ್ಕಳ ಹೆಸರಿನಲ್ಲಿ ನಡೆಯುತ್ತಿರುವುದು ನನಗೆ ಹೆಚ್ಚು ಸಿಟ್ಟು ತರಿಸುವ ಸಂಗತಿ. ದೆಹಲಿಯ ಆ ಘೋರ ಪ್ರಕರಣದ ನಂತರ 2013ರ ಬಜೆಟ್ಟಿನಲ್ಲಿ ಹುಟ್ಟಿದ ನಿರ್ಭಯಾ ನಿಧಿಯ ಹಣದಲ್ಲೇ ಸೇಫ್ ಸಿಟಿ ನಡೆಯುವುದು. ಆದರೆ ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚರಲ್ಲಿ ಆರೋಪಿ ಪರಿಚಯದವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿ ವರದಿಯಲ್ಲೂ ಹೇಳುತ್ತದೆ. ನೆಂಟ, ನೆರೆಯವ, ಮಾಲೀಕ, ಗಂಡನಾಗುತ್ತೇನೆಂದು ನಂಬಿಸಿದವನು. ಅವನ ಮುಖ ಆಕೆಗೆ ಚೆನ್ನಾಗಿ ಗೊತ್ತು, ಗುರುತಿಸಲು ಯಂತ್ರ ಬೇಕಾಗಿಲ್ಲ. ಬೇಕಾಗಿರುವುದು ದೂರು ತೆಗೆದುಕೊಳ್ಳುವ ಠಾಣೆ, ರಾತ್ರಿ ಹತ್ತರ ನಂತರದ ಬಸ್ಸು, ಬೀದಿದೀಪ, ಬಾಗಿಲು ಮುಚ್ಚುವ ಶೌಚಾಲಯ. ಲಖನೌ ಪೊಲೀಸರು 2021ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಸಂಕಟದಲ್ಲಿರುವ ಹೆಂಗಸಿನ ಮುಖಭಾವ ಓದಿ ಎಚ್ಚರಿಸುವ ಕ್ಯಾಮೆರಾ ಹಾಕುತ್ತೇವೆ ಎಂದಿದ್ದರು. ಬೀದಿಯಲ್ಲಿ ಹೆಂಗಸು ಮುಖ ಗಂಟಿಕ್ಕಿಕೊಂಡು ನಡೆಯುವುದು ಕಾಡುವವರನ್ನು ದೂರವಿಡಲು ಎನ್ನುವುದು ಇವರ ಮನೆಯ ಹೆಣ್ಣುಮಕ್ಕಳನ್ನು ಕೇಳಿದ್ದರೂ ಗೊತ್ತಾಗುತ್ತಿತ್ತು.

ಕ್ಯಾಮೆರಾದ ಹಿಂದೆ ಕೂತವರೂ ನಮ್ಮ ಸಮಾಜದವರೇ. 2013ರಲ್ಲಿ ದೆಹಲಿ ಮೆಟ್ರೋದ ಕಣ್ಗಾವಲು ಕ್ಯಾಮೆರಾದಲ್ಲಿ ಸೆರೆಯಾದ ಜೋಡಿಗಳ ದೃಶ್ಯಗಳು ಅಶ್ಲೀಲ ಜಾಲತಾಣಗಳಲ್ಲಿ ಕಾಣಿಸಿಕೊಂಡವು. ಆಗ ಆ ದೃಶ್ಯಗಳಿಗೆ ಹೆಸರು ಅಂಟಿರಲಿಲ್ಲ. ಇನ್ನು 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದವರನ್ನು ನೆನಪಿಸಿಕೊಳ್ಳಿ. ಯಾವ ಹುಡುಗಿ ಯಾವ ಹುಡುಗನ ಜೊತೆ ಎಲ್ಲಿ ಕೂತಿದ್ದಾಳೆ, ಅವಳು ಯಾವ ಧರ್ಮದವಳು, ಅವನು ಯಾವ ಜಾತಿಯವನು ಎನ್ನುವ ಮಾಹಿತಿಗೆ ನಮ್ಮಲ್ಲಿ ಎಷ್ಟು ಗಿರಾಕಿಗಳಿದ್ದಾರೆ! ಅದನ್ನು ಸೋರಿಸಲು ಒಬ್ಬ ಗೆಳೆಯ, ಒಂದು ವಾಟ್ಸಾಪ್ ಗುಂಪು ಸಾಕು. ಕನ್ನ ಹಾಕುವವರೂ ಇದ್ದಾರೆ: 2024ರ ಮೇ ತಿಂಗಳಲ್ಲಿ ತಮಿಳುನಾಡು ಪೊಲೀಸರ ಮುಖ ಗುರುತಿಸುವ ಪೋರ್ಟಲ್ಲಿಗೇ ಕನ್ನ ಬಿತ್ತು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಮುಖವನ್ನು ಏನು ಮಾಡುವುದು? (ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಕೆಟ್ಟ ಕಣ್ಣನ್ನು ಯಾಮಾರಿಸುವುದು ನಮ್ಮ ಅಮ್ಮಂದಿರಿಗೆ ಗೊತ್ತಿತ್ತು. ಈ ಕಣ್ಣು ಬೊಟ್ಟಿಗೂ ಜಗ್ಗುವುದಿಲ್ಲ.)

ಇನ್ನು ಬೀದಿಯ ಮತ್ತೊಂದು ಉಪಯೋಗ. ಬೀದಿ ಇರುವುದು ಓಡಾಡಲು ಮಾತ್ರವಲ್ಲ, ಇಳಿದು ಕೂಗಲಿಕ್ಕೂ. 2022ರಿಂದ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಅವಕಾಶವಿರುವುದು ಫ್ರೀಡಂ ಪಾರ್ಕಿನಲ್ಲಿ ಮಾತ್ರ. ಅದು ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅಲ್ಲಿದ್ದರು. ‘ಸಂಸ್ಕಾರ’ ಚಿತ್ರದಲ್ಲಿ ನಟಿಸಿದ ಸ್ನೇಹಲತಾ ರೆಡ್ಡಿ ಅಲ್ಲಿ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಪಾರ್ಕಿನ ನಡುವೆ ಜೈಲಿನ ಕಾವಲು ಗೋಪುರ ಇವತ್ತಿಗೂ ನಿಂತಿದೆ. ನಡುವೆ ಒಂದು ಗೋಪುರ, ಸುತ್ತ ಬ್ಯಾರಕ್ಕುಗಳು. ಒಬ್ಬ ಕಾವಲುಗಾರ ಎಲ್ಲರನ್ನೂ ನೋಡಬಲ್ಲ ಎಂಬ ಬೆಂಥಾಮನ ಯೋಜನೆಯ ನೆರಳು. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಇದನ್ನು ಫುಕೋನ ಪುಸ್ತಕದಲ್ಲಿ ಓದಿ, ಅಡಿಗೆರೆ ಎಳೆದು, ಸೆಮಿನಾರ್ ಪ್ರಬಂಧ ಬರೆದು ಮುಗಿಸುತ್ತೇವೆ. ಗೋಪುರದ ಕಾವಲುಗಾರನಿಗೆ ನಿದ್ದೆ ಬರುತ್ತಿತ್ತು, ಮುಖಗಳು ಮರೆಯುತ್ತಿದ್ದವು. ಈಗಿನ ಗೋಪುರಕ್ಕೆ ಅದಾವುದೂ ಇಲ್ಲ. ಫೆಲೋಶಿಪ್ ಬಂದಿಲ್ಲವೆಂದು ಅಲ್ಲಿ ಫಲಕ ಹಿಡಿದು ನಿಂತ ಸಂಶೋಧನಾ ವಿದ್ಯಾರ್ಥಿಗೆ, ನಾಳೆ ಪಾಸ್‌ಪೋರ್ಟಿನ ಪೊಲೀಸ್ ಪರಿಶೀಲನೆಯಲ್ಲಿ ಇದು ಎದುರಾಗಬಹುದೇ ಎಂಬ ಒಂದು ಸಣ್ಣ ಅನುಮಾನ ಸಾಕು. ಮುಂದಿನ ಸಲ ಅವನು ಲೈಬ್ರರಿಯಲ್ಲೇ ಉಳಿಯುತ್ತಾನೆ. ಯಾರನ್ನೂ ಬಂಧಿಸಬೇಕಾಗಿಲ್ಲ.

ಕಾನೂನು ಇದಕ್ಕೆ ಏನು ಹೇಳುತ್ತದೆ? ಹೇಳಬೇಕಾದ್ದನ್ನು ಹೇಳಿಯಾಗಿದೆ, ಅದೂ ಕನ್ನಡ ನಾಡಿನವರೊಬ್ಬರ ದೆಸೆಯಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ 86ನೇ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಸಾರ್ವಜನಿಕ ಜಾಗಕ್ಕೆ ಬಂದ ಮಾತ್ರಕ್ಕೆ ಅದು ಕಳೆದುಹೋಗುವುದಿಲ್ಲ, ಅದು ಜಾಗಕ್ಕಲ್ಲ ಮನುಷ್ಯನಿಗೆ ಅಂಟಿಕೊಂಡದ್ದು ಎಂದೂ ತೀರ್ಪಿನಲ್ಲಿದೆ. ಆ ಹಕ್ಕನ್ನು ಸರ್ಕಾರ ಮೊಟಕು ಮಾಡಬೇಕಾದರೆ ಮೊದಲು ಒಂದು ಕಾನೂನು ಇರಬೇಕು, ಉದ್ದೇಶ ನ್ಯಾಯಬದ್ಧವಾಗಿರಬೇಕು, ಕ್ರಮ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಮುಖ ಗುರುತಿಸುವ ಯಂತ್ರಗಳ ವಿಷಯದಲ್ಲಿ ಮೊದಲ ಮೆಟ್ಟಿಲೇ ಇಲ್ಲ, ಯಾಕೆಂದರೆ ಅವಕ್ಕೆಂದು ಮಾಡಿದ ಕಾನೂನೇ ನಮ್ಮಲ್ಲಿಲ್ಲ. ಟೆಂಡರು ಮಾತ್ರ ಇದೆ. 2023ರ ದತ್ತಾಂಶ ರಕ್ಷಣೆ ಕಾಯ್ದೆ ಬಂದಾಗ ಆಸೆಪಟ್ಟವರಿಗೆ, ತನ್ನ ಯಾವ ಸಂಸ್ಥೆಗೆ ಬೇಕಾದರೂ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರ ತನ್ನಲ್ಲೇ ಇಟ್ಟುಕೊಂಡಿರುವುದು ಅದರ 17ನೇ ಸೆಕ್ಷನ್ನಿನಲ್ಲಿ ಕಾಣಸಿಕ್ಕಿತು. ಹೈದರಾಬಾದಿನ ಎಸ್.ಕ್ಯೂ. ಮಸೂದ್, ಕೊರೋನಾ ಲಾಕ್‌ಡೌನಿನಲ್ಲಿ ಪೊಲೀಸರು ರಸ್ತೆಯಲ್ಲಿ ತಡೆದು ಮಾಸ್ಕ್ ತೆಗೆಯಲು ಹೇಳಿ, ಒಪ್ಪದಿದ್ದರೂ ಫೋಟೋ ತೆಗೆದುಕೊಂಡಾಗ, ‘ಯಾವ ಕಾನೂನಿನ ಪ್ರಕಾರ?’ ಎಂದು ತೆಲಂಗಾಣ ಹೈಕೋರ್ಟಿಗೇ ಹೋಗಿ ಕೇಳಿದರು. ಪ್ರತಿಯೊಬ್ಬರೂ ಕೇಳಬೇಕಾದ ಪ್ರಶ್ನೆ ಅದು.

ಎದುರುವಾದದ ಗಟ್ಟಿ ಭಾಗವನ್ನು ನಾನು ತಳ್ಳಿಹಾಕುವುದಿಲ್ಲ. 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸ್ಫೋಟಿಸಿದಾಗ ಆರೋಪಿಯ ಜಾಡು ಹಿಡಿಯಲು ಕ್ಯಾಮೆರಾ ದೃಶ್ಯಗಳು ನೆರವಾದವು, ಆತ ಬಿಟ್ಟುಹೋದ ಟೋಪಿಯೂ ನೆರವಾಯಿತು. ಅಪರಾಧ ನಡೆದ ಮೇಲೆ, ಆ ಜಾಗದ, ಆ ಹೊತ್ತಿನ ದೃಶ್ಯವನ್ನು ತನಿಖೆಗೆ ತರಿಸಿಕೊಳ್ಳುವುದನ್ನು ಯಾರೂ ಬೇಡ ಎನ್ನುತ್ತಿಲ್ಲ. ಒಬ್ಬ ಬಾಂಬಿಟ್ಟ ಎಂದು ಇಡೀ ನಗರವನ್ನು ದಿನವೂ ಗುರುತು ಪರೇಡಿಗೆ ನಿಲ್ಲಿಸುವುದು ಬೇರೆ ಮಾತು. ಯುರೋಪಿಯನ್ ಒಕ್ಕೂಟ 2024ರಲ್ಲಿ ತಂದ ಕಾನೂನಿನಲ್ಲಿ, ಸಾರ್ವಜನಿಕ ಜಾಗಗಳಲ್ಲಿ ಪೊಲೀಸರು ನಿಂತ ನಿಲುವಿನಲ್ಲೇ ಮುಖ ಗುರುತಿಸುವುದನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನಿಷೇಧಿಸಿದೆ. ಆ ವಿನಾಯಿತಿಗಳೇ ಜಾಸ್ತಿಯಾದವೆಂದು ಅಲ್ಲಿನವರು ಜಗಳ ಆಡುತ್ತಿದ್ದಾರೆ. ನಮ್ಮಲ್ಲಿ ಜಗಳವೇ ಶುರುವಾಗಿಲ್ಲ.

ಶುರು ಮಾಡಲು ವಿಧಾನಸಭೆಯೇ ಸರಿಯಾದ ಜಾಗ. ಪೊಲೀಸ್ ರಾಜ್ಯದ ವಿಷಯ, 2017ರ ಕಾಯ್ದೆಯೂ ರಾಜ್ಯದ್ದು, ದೆಹಲಿಯ ಕಡೆ ಬೆರಳು ತೋರಿಸಿ ಜಾರಿಕೊಳ್ಳುವಂತಿಲ್ಲ. ಕಾನೂನು ಬರುವ ತನಕ ಬೀದಿಯ ಕ್ಯಾಮೆರಾಗಳಲ್ಲಿ ಮುಖ ಗುರುತಿಸುವುದನ್ನು ನಿಲ್ಲಿಸಬೇಕು. ಪಟ್ಟಿಯಲ್ಲಿ ಯಾರಿದ್ದಾರೆ, ಯಾರು ಸೇರಿಸಿದರು, ಹೊರಬರುವುದು ಹೇಗೆ ಎನ್ನುವುದಕ್ಕೆ ನಿಯಮ ಬೇಕು. ಎಷ್ಟು ಜನರನ್ನು ತಪ್ಪಾಗಿ ನಿಲ್ಲಿಸಲಾಯಿತು ಎಂಬ ಲೆಕ್ಕ ಪ್ರತಿ ಅಧಿವೇಶನದಲ್ಲಿ ಸದನದ ಮುಂದೆ ಬರಬೇಕು. ಅದಕ್ಕೂ ಮೊದಲು, ಖರ್ಚಿಲ್ಲದ ಒಂದು ಕೆಲಸವನ್ನು ನಾಳೆಯೇ ಮಾಡಬಹುದು. ಅಂಗಡಿಗಳ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದಿದ ಸರ್ಕಾರ ಇದು. ತನ್ನ ಕ್ಯಾಮೆರಾ ಕಂಬಗಳಿಗೂ ಒಂದೊಂದು ಕನ್ನಡ ಫಲಕ ತೂಗುಹಾಕಲಿ: ಈ ಕ್ಯಾಮೆರಾ ಯಾರದು, ಇದು ಮುಖ ಗುರುತಿಸುತ್ತದೆಯೋ ಇಲ್ಲವೋ, ಎಷ್ಟು ದಿನ ನೆನಪಿಟ್ಟುಕೊಳ್ಳುತ್ತದೆ, ದೂರು ಯಾರಿಗೆ ಕೊಡಬೇಕು.